ಅವರ ಜೂಜು ಕೌಶಲ, ನಮ್ಮ ಕಸುಬು ಅಕುಶಲ

ಹಬ್ಬದ ಮಾರನೆ ದಿನ ನಮ್ಮ ಕೇರಿ ಹಿಂದಿನ ಹುಣಸೆಮರದಡಿ ನಾಲ್ಕು ಜನ ಕೂತು ಅಂದರ್ ಬಾಹರ್ ಆಡಿದರೆ ಜೀಪು ಬರುತ್ತದೆ. ಹೆಸರು, ತಂದೆ ಹೆಸರು, ಜಾತಿ ಎಲ್ಲ ಬರೆದುಕೊಳ್ಳುತ್ತಾರೆ. 52 ಇಸ್ಪೀಟೆಲೆ, ಹಾಸಿದ್ದ ಹಳೇ ಗೋಣಿಚೀಲ ಒಂದು, ನಗದು 640 ರೂಪಾಯಿ ಅಂತ ಪಂಚನಾಮೆ ಆಗುತ್ತದೆ. ಕರ್ನಾಟಕ ಪೊಲೀಸ್ ಕಾಯ್ದೆ, ಕಲಂ 87. ಮಾರನೆ ದಿನದ ಪೇಪರಿನಲ್ಲಿ 'ಜೂಜುಕೋರರ ಬಂಧನ'. ಕೂಲಿ ಬಿಟ್ಟು ಕೋರ್ಟಿಗೆ ಅಲೆಯೋದು ಬೇರೆ.

ಬೆಂಗಳೂರಿನ ನಡುಮಧ್ಯೆ, 80 ಎಕರೆಗೂ ಮಿಕ್ಕ ಸರ್ಕಾರಿ ನೆಲದಲ್ಲಿ, ಕುದುರೆ ಬಾಲಕ್ಕೆ ದುಡ್ಡು ಕಟ್ಟಿ ಕೂಗುವವರ ಹತ್ತಿರ ಆ ಜೀಪು ಯಾಕೆ ಹೋಗೋದಿಲ್ಲ? ನಾವು ಕೇಳಿದ್ದಕ್ಕೆ ಬುದ್ಧಿವಂತರು ಕೊಟ್ಟ ಉತ್ತರ ಇದು: ಅದು ಜೂಜಲ್ಲ ಕಣ್ರಪ್ಪ, ಕೌಶಲ.

ಈ 'ಕೌಶಲ' ಅನ್ನೋ ಮಾತು ಎಲ್ಲಿಂದ ಬಂತು ಅಂತ ನಾವೂ ಸ್ವಲ್ಪ ಕೆದಕಿ ನೋಡಿದೆವು. 1967ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಮಾನ ಕೊಟ್ಟಿತು. ರಮ್ಮಿಯಲ್ಲಿ ಬಿದ್ದ ಎಲೆ ನೆನಪಿಟ್ಟುಕೊಳ್ಳಬೇಕು, ಯಾವುದು ಇಟ್ಟುಕೊಳ್ಳಬೇಕು ಯಾವುದು ಬಿಡಬೇಕು ಅಂತ ತಿಳಿದಿರಬೇಕು, ಆದ್ದರಿಂದ ಅದು ಮುಖ್ಯವಾಗಿ ಕೌಶಲದ ಆಟ. ಅದೇ ತೀರ್ಪಿನಲ್ಲಿ ಮೂರೆಲೆ ಆಟ ಬರೀ ಅದೃಷ್ಟದ್ದು ಅಂತಲೂ ಬಂತು. 1996ರಲ್ಲಿ ಮದರಾಸಿನ ರೇಸ್ ಕ್ಲಬ್ಬಿನ ಪ್ರಕರಣದಲ್ಲಿ ಕುದುರೆ ಜೂಜಿಗೂ ಕೌಶಲದ ಪಟ್ಟ ಸಿಕ್ಕಿತು. ಅಂದರ್ ಬಾಹರ್ ಅದೃಷ್ಟದ ಆಟವೇ, ಇಲ್ಲ ಅನ್ನೋದಿಲ್ಲ. ಅದರಲ್ಲಿ ಮನೆ ಹಾಳು ಮಾಡಿಕೊಂಡವರು ನಮ್ಮಲ್ಲೂ ಇದ್ದಾರೆ. ನಮ್ಮ ತಕರಾರು ಬೇರೆ. ಕ್ಲಬ್ಬಿನ ಮೇಜಿನ ಮೇಲಿನ 13 ಎಲೆ ಬುದ್ಧಿ, ಗೋಣಿಚೀಲದ ಮೇಲಿನ ಎಲೆ ಪಾಪ, ಈ ಗೆರೆ ಎಳೆದವರು ಎಂದಾದರೂ ಗೋಣಿಚೀಲದ ಮೇಲೆ ಕೂತಿದ್ದರೇ?

ಇನ್ನೊಂದು ಕಡೆಯೂ ಈ ಪದ ಬರುತ್ತದೆ. ಸರ್ಕಾರ ಕನಿಷ್ಠ ಕೂಲಿ ನಿಗದಿ ಮಾಡುವ ಅಧಿಸೂಚನೆ ತೆಗೆದು ನೋಡಿ. ಕುಶಲ, ಅರೆಕುಶಲ, ಅಕುಶಲ. ಮಣ್ಣು ಅಗೆಯುವವನು ಅಕುಶಲ. ಕಸ ಎತ್ತುವವಳು ಅಕುಶಲ. ಮ್ಯಾನ್‌ಹೋಲಿನ ಮುಚ್ಚಳ ತೆಗೆದ ಮೇಲೆ ಎಷ್ಟು ಹೊತ್ತು ಬಿಡಬೇಕು, ಯಾವ ವಾಸನೆ ಬಂದರೆ ಹಿಂದಕ್ಕೆ ಸರಿಯಬೇಕು ಅಂತ ಮೂಗಿನಿಂದಲೇ ತಿಳಿದವನಿಗೆ ಯಾರೂ ಕುಶಲ ಅನ್ನಲಿಲ್ಲ. 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು ಕಾಯ್ದೆ ಬಂದ ಮೇಲೂ ಅವನನ್ನು ಇಳಿಸಿದ್ದಾರೆ, ಅವನು ಸತ್ತಿದ್ದಾನೆ. ತಂಗಡಿ ತೊಗಟೆ ಎಷ್ಟು ದಿನ ನೆನೆಸಿದರೆ ಚರ್ಮ ಹದಕ್ಕೆ ಬರುತ್ತೆ, ತಮಟೆಯನ್ನು ಬೆಂಕಿಗೆ ಎಷ್ಟು ಹಿಡಿದರೆ ನಾದ ಏರುತ್ತೆ ಅಂತ ನಮ್ಮ ತಾತಂದಿರಿಗೆ ಗೊತ್ತಿತ್ತು. ಅದು ಜಾತಿ ಕಸುಬು. ಎಲೆ ನೆನಪಿಟ್ಟುಕೊಳ್ಳೋದು ಮಾತ್ರ ಕೌಶಲ. ನಮ್ಮ ವಿದ್ಯೆಯನ್ನೆಲ್ಲಾ ಕಸುಬು ಅಂದು, ತಮ್ಮ ಚಟವನ್ನು ವಿದ್ಯೆ ಅಂದವರು ಇವರು.

ಈಗ ಆ ಹುಡುಗನ ವಿಷಯಕ್ಕೆ ಬರೋಣ. ಹೆಸರು ಬೇಡ, ನಮ್ಮ ಕೇರಿಯವನು. ಪಿ.ಯು.ಸಿ. ಮುಗಿಸಿ ಬೆಂಗಳೂರಿಗೆ ಹೋದ, ಬೈಕಿನಲ್ಲಿ ಮನೆಮನೆಗೆ ಊಟ ಮುಟ್ಟಿಸುವ ಕೆಲಸ. ಎರಡು ಆರ್ಡರಿನ ನಡುವೆ ಅಂಗಡಿ ಕಟ್ಟೆ ಮೇಲೆ ಕೂತಾಗ ಮೊಬೈಲಿನಲ್ಲಿ ರಮ್ಮಿ. ಯಾವ ಆ್ಯಪು ಅನ್ನೋದು ಇಲ್ಲಿ ಮುಖ್ಯವಲ್ಲ. ಮೊದಲು ಬೋನಸ್ಸು ಅಂತ ಅವರೇ ಒಂದಿಷ್ಟು ಹಾಕಿದರಂತೆ. ಮೊದಲ ವಾರ 900 ರೂಪಾಯಿ ಗೆದ್ದ, ಊರಿಗೆ ಬಂದಾಗ ಕೋಳಿ ತಂದಿದ್ದ. ಆಮೇಲೆ ಹೋಯ್ತು. ಹೋದದ್ದನ್ನು ಹಿಡಿಯೋಕೆ ಇನ್ನಷ್ಟು ಹೋಯ್ತು. ಮೊಬೈಲಿನಲ್ಲೇ ಸಾಲ ಕೊಡುವ ಇನ್ನೊಂದು ಆ್ಯಪು, ಅದನ್ನು ತೀರಿಸಲು ಮತ್ತೊಂದು. ಒಟ್ಟು 1 ಲಕ್ಷ 80 ಸಾವಿರ. ಅವನವ್ವ ಓಲೆ ಅಡ ಇಟ್ಟಳು, ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿದಳು. ಸಾಲದವರು ಅವನ ಫೋನಿನಲ್ಲಿದ್ದ ನಂಬರುಗಳಿಗೆಲ್ಲಾ ಫೋನು ಮಾಡಿ ಬೈದರು. ನಮ್ಮಲ್ಲಿ ಹಲವರಿಗೆ ಬಂದಿತ್ತು ಆ ಫೋನು. ಹುಣಸೆಮರದಡಿ ಆಡಿದ್ದರೆ ಜೇಬು ಖಾಲಿಯಾದ ಮೇಲೆ ಎದ್ದು ಬರ್ತಿದ್ದ. ಈ ಮರದಡಿಯಿಂದ ಎದ್ದು ಬರೋದಕ್ಕೇ ಇಲ್ಲ, ಮರವೇ ಜೇಬಿನಲ್ಲಿದೆ.

'ನಿಮ್ಮೋರಿಗೆ ಚಟ ಜಾಸ್ತಿ' ಅಂತಾರೆ. ಸ್ವಾಮಿ, ಚಟ ಹತ್ತಿಸಿದ್ದು ಯಾರು? ದೇಶದ ಕ್ರಿಕೆಟ್ ಆಟಗಾರರು ಟಿವಿಯಲ್ಲಿ ಬಂದು ಆಡಿ ಆಡಿ ಅಂದರು. ಕೊನೆಯಲ್ಲಿ 'ಚಟವಾಗಬಹುದು, ಹಣ ಹೋಗಬಹುದು' ಅನ್ನೋ ಮಾತನ್ನು ಪುರೋಹಿತ ಮಂತ್ರ ಓಡಿಸಿದ ಹಾಗೆ ಓಡಿಸಿಬಿಟ್ಟರು. 2020ರ ಐಪಿಎಲ್‌ಗೆ ಡ್ರೀಮ್ ಇಲೆವೆನ್ ಕಂಪನಿ 222 ಕೋಟಿ ಕೊಟ್ಟು ತನ್ನ ಹೆಸರಿಡಿಸಿತು. 2023ರಲ್ಲಿ 358 ಕೋಟಿಯ ಒಪ್ಪಂದದಲ್ಲಿ ಭಾರತ ತಂಡದ ಅಂಗಿಯ ಎದೆ ಮೇಲೆ ಕೂತಿತು. ಇದೇ ಕ್ರಿಕೆಟ್ಟಿನಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಳೂ ಅಂತ ಒಬ್ಬ ಚಮ್ಮಾರರ ಹುಡುಗ ಇದ್ದ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಪಿಚ್ಚು ಉರುಳಿಸಿ, ಅವರಿಗೇ ಬೌಲು ಹಾಕುತ್ತಾ ಕಲಿತವನು. ಹಿಂದೂ ತಂಡಕ್ಕೆ ಅವನ ಕೈ ಬೇಕಿತ್ತು. ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತು ಬಂದರೂ ಹಿಂದೂ ತಂಡಕ್ಕೆ ಕ್ಯಾಪ್ಟನ್ ಆಗಲಿಲ್ಲ. ಅಂಗಿಯ ಎದೆಗೆ ಜೂಜಿನ ಹೆಸರು ಹೊಲಿಸಿಕೊಂಡ ಆಟಕ್ಕೆ ಬಾಳೂನ ಬಟ್ಟಲು ಮೈಲಿಗೆಯಾಗಿತ್ತು.

ಸರ್ಕಾರಗಳ ಕಥೆಯೂ ಅಷ್ಟೇ. 2021ರಲ್ಲಿ ನಮ್ಮ ರಾಜ್ಯ ಆನ್‌ಲೈನ್ ಜೂಜು ನಿಷೇಧಿಸಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಒಳ್ಳೇದೇ. ಆದರೆ ಅದರಲ್ಲೇ ಒಂದು ಸಾಲು ಸೇರಿಸಿದರು: ರೇಸ್ ಕೋರ್ಸಿನ ಕುದುರೆ ಪಂದ್ಯಕ್ಕೆ ಇದು ಅನ್ವಯಿಸೋದಿಲ್ಲ! ಕುದುರೆ ಮುಟ್ಟಿದರೆ ಯಾರ ಮನೆ ಮುಟ್ಟಿದ ಹಾಗಾಗುತ್ತೋ ಅವರಿಗೇ ಗೊತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಕಲಂಗಳನ್ನೇ ಹೊಡೆದುಹಾಕಿತು. 2023ರ ಅಕ್ಟೋಬರಿನಿಂದ ಕೇಂದ್ರ ಸರ್ಕಾರ ಕಟ್ಟಿದ ಪೂರಾ ದುಡ್ಡಿನ ಮೇಲೆ ಶೇ. 28 ಜಿ.ಎಸ್.ಟಿ. ಹಾಕಿತು. ಅಂದರೆ ನಮ್ಮ ಹುಡುಗ ನೂರು ರೂಪಾಯಿ ಜೂಜಿಗೆ ಹಾಕಿದರೆ ಅದರಲ್ಲಿ ಸರ್ಕಾರಕ್ಕೂ ಪಾಲು. 2007ರಲ್ಲಿ ಸಾರಾಯಿ, ಲಾಟರಿ ಎರಡೂ ನಿಂತಾಗ ನಮ್ಮ ಹೆಂಗಸರು ನಿಟ್ಟುಸಿರು ಬಿಟ್ಟಿದ್ದರು. ಹದಿನೈದು ವರ್ಷದಲ್ಲಿ ಲಾಟರಿ ಅಂಗಡಿ ಅವರ ಮಕ್ಕಳ ಅಂಗೈಗೇ ಬಂತು.

ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಎರಡೇ ದಿನದಲ್ಲಿ ಕಾಯ್ದೆ ಪಾಸು ಮಾಡಿತು. ಕೌಶಲವೋ ಅದೃಷ್ಟವೋ ಅನ್ನೋ ಭೇದವೇ ಇಲ್ಲ, ಹಣ ಕಟ್ಟಿ ಆಡಿಸುವ ಎಲ್ಲಾ ಆನ್‌ಲೈನ್ ಆಟಕ್ಕೂ ನಿಷೇಧ. ಆಡಿಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಆಡಿದವನಿಗೆ ಶಿಕ್ಷೆಯಿಲ್ಲ. 45 ಕೋಟಿ ಜನ ವರ್ಷಕ್ಕೆ 20,000 ಕೋಟಿ ಕಳಕೊಳ್ಳುತ್ತಿದ್ದಾರೆ ಅಂತ ಸರ್ಕಾರದವರೇ ಅಂದಾಜು ಕೊಟ್ಟರು. ಈ ಕಾಯ್ದೆಯನ್ನು ನಾವು ಸ್ವಾಗತಿಸುತ್ತೇವೆ, ಮುಚ್ಚುಮರೆ ಇಲ್ಲ. ಆದರೆ ಆ ಲೆಕ್ಕ ಗೊತ್ತಿದ್ದೂ ಎರಡು ವರ್ಷ ತೆರಿಗೆ ತಿಂದದ್ದು ಯಾಕೆ? ಕಳಕೊಂಡವರಿಗೆ ಏನು? ಕಂಪನಿಗಳು ಬಾಗಿಲು ಹಾಕಿಕೊಂಡವು, ವಕೀಲರನ್ನಿಟ್ಟು ಕೋರ್ಟಿಗೆ ಹೋದವು. ನಮ್ಮ ಹುಡುಗ ಯಾವ ವಕೀಲರನ್ನಿಡಬೇಕು? ಗಡಿಯಾಚೆಯಿಂದ ನಡೆಯುವ ಬೆಟ್ಟಿಂಗಿನ ಲಿಂಕು ನಮ್ಮ ಫೋನಿಗೆ ಈಗಲೂ ಬರುತ್ತಲೇ ಇದೆ.

ಇನ್ನು ಉಪದೇಶದವರು. 'ಮೊಬೈಲ್ ಬಿಡ್ರೋ, ಗರಡಿಗೆ ಹೋಗಿ ಮೈ ಬೆಳೆಸ್ರೋ' ಅಂತಾರೆ. ಯಾವ ಗರಡಿಗೆ? ನಮ್ಮೂರ ಗರಡಿಗೆ ಕೆಮ್ಮಣ್ಣು ಹೊತ್ತು, ಜರಡಿ ಹಿಡಿದು ಮಟ್ಟಿ ತುಂಬಿದವರು ನಮ್ಮ ತಾತಂದಿರು. ಪೂಜೆ ಆದ ಮೇಲೆ ಹೊಸಲು ದಾಟೋ ಹಾಗಿರಲಿಲ್ಲ. ಕುಸ್ತಿ ದಿನ ತಮಟೆಗೆ ಮಾತ್ರ ಕರೆ ಬರ್ತಿತ್ತು. ಜೋಡಿ ಕಟ್ಟುವಾಗ ನಮ್ಮವರ ಹೆಸರಿಲ್ಲ. ಕಾರಣ ಸರಳ: ಕುಸ್ತಿಯಲ್ಲಿ ಮುಟ್ಟದೆ ಗೆಲ್ಲೋಕೆ ಆಗಲ್ಲ. ಬೆವರಿಗೆ ಬೆವರು ಅಂಟಬೇಕು, ಸೋತವನ ಬೆನ್ನು ನೆಲಕ್ಕೆ ತಾಗಬೇಕು. ಹೊಲೆಯನ ಕೈಯಲ್ಲಿ ಚಿತ್ ಆಗುವ ಅವಕಾಶವನ್ನೇ ಗೌಡರ ಮನೆ ಹುಡುಗರಿಗೆ ಕೊಡದೆ ಕಾಪಾಡಿದರು. ಈಗ ಗರಡಿಗೆ ಬೀಗ. ಮೊಬೈಲಿನಲ್ಲಿ ಪಂಜರದೊಳಗೆ ಹೊಡೆದಾಡುವವರನ್ನು ನಮ್ಮ ಹುಡುಗರು ನೋಡುತ್ತಾರೆ. ನಾವೂ ನೋಡ್ತೀವಿ. ಅಲ್ಲಿ ಯಾರೂ ಜಾತಿ ಕೇಳಿ ಗುದ್ದೋದಿಲ್ಲ ಅನ್ನೋದು ನೋಡೋಕೆ ಹಿತವಾಗಿರುತ್ತೆ, ಸುಳ್ಳು ಯಾಕೆ ಹೇಳಬೇಕು.

ಆದರೆ ಕುಸ್ತಿಯಲ್ಲಿ ಗೆದ್ದು ಬಂದವರ ಗತಿ ಏನಾಯ್ತು? 2023ರಲ್ಲಿ ದೇಶಕ್ಕೆ ಪದಕ ತಂದ ಹೆಣ್ಣುಮಕ್ಕಳು ದೆಹಲಿಯ ಜಂತರ್ ಮಂತರಿನಲ್ಲಿ ಕೂತರು. ಒಕ್ಕೂಟದ ಅಂದಿನ ಅಧ್ಯಕ್ಷ ತಮ್ಮ ಮೈಮೇಲೆ ಕೈ ಹಾಕಿದ ಅಂತ ದೂರು. ಮೇ 28ರಂದು, ಹೊಸ ಸಂಸತ್ ಭವನದ ಉದ್ಘಾಟನೆಯ ದಿನವೇ, ಪೊಲೀಸರು ಅವರನ್ನು ರಸ್ತೆಯಲ್ಲಿ ಎಳೆದಾಡಿದರು. ಡಿಸೆಂಬರಿನಲ್ಲಿ ಸಾಕ್ಷಿ ಮಲಿಕ್ ಬೂಟು ಬಿಚ್ಚಿ ಮೇಜಿನ ಮೇಲಿಟ್ಟು ಕುಸ್ತಿಗೆ ಕೈ ಮುಗಿದಳು. 2024ರ ಮೇ ತಿಂಗಳಲ್ಲಿ ಕೋರ್ಟು ಆತನ ಮೇಲೆ ದೋಷಾರೋಪ ಹೊರಿಸಿತು, ಆತ ಒಪ್ಪಿಲ್ಲ. ಅದೇ ಆಗಸ್ಟಿನಲ್ಲಿ ವಿನೇಶ್ ಫೋಗಟ್ ಫೈನಲ್ ತಲುಪಿ 100 ಗ್ರಾಂ ತೂಕಕ್ಕೆ ಹೊರಬಿದ್ದಳು. ನಮ್ಮ ಚಹಾದಂಗಡಿಯಲ್ಲಿ ಅವತ್ತು ಎಲ್ಲರೂ ಆ 100 ಗ್ರಾಮಿನ ಬಗ್ಗೆಯೇ ಮಾತಾಡಿದರು. ಒಬ್ಬಳು ಮುದುಕಿ ಮಾತ್ರ, 'ರಸ್ತೇಲಿ ಎಳೆದಾಗ ಅವಳ ತೂಕ ಎಷ್ಟಿತ್ತಂತೆ?' ಅಂತ ಕೇಳಿದಳು. ಅವರು ಜಾಟರ ಮಕ್ಕಳು, ಜಮೀನಿರುವವರು. ಅವರ ದೂರಿಗೇ ಇಷ್ಟು ಬೆಲೆಯಾದರೆ ನಮ್ಮ ಹಾಸ್ಟೆಲಿನ ಹುಡುಗಿ ಕೋಚಿನ ಮೇಲೆ ದೂರು ಕೊಡಲು ಯಾವ ಮಂತರಿಗೆ ಹೋಗಬೇಕು?

ನಮ್ಮವರನ್ನೂ ಬಿಡೋದಿಲ್ಲ. ಹೋದ ವರ್ಷ ನಮ್ಮ ತಾಲ್ಲೂಕಿನಲ್ಲಿ ಅಂಬೇಡ್ಕರ್ ಜಯಂತಿ ಬ್ಯಾನರಿನ ಮೂಲೆಯಲ್ಲಿ ಕ್ರಿಕೆಟ್ ಬೆಟ್ಟಿಂಗ್ ಆಡಿಸುವವನೊಬ್ಬನ ಮುಖ ನಗ್ತಾ ಇತ್ತು. ಊಟದ ಖರ್ಚು ಅವನದಂತೆ. ಆ ಊಟ ನಾವೂ ಉಂಡೆವು, ಆಮೇಲೆ ಗೊತ್ತಾಯ್ತು. ಬಾಬಾಸಾಹೇಬರ ಪಟದ ಪಕ್ಕ ಜೂಜಿನ ದುಡ್ಡು ಇಟ್ಟುಕೊಂಡು ಪೊಲೀಸರ ಜೀಪಿಗೆ ಬೈದರೆ ಯಾರು ಕೇಳ್ತಾರೆ?

ನಾವು ಕೇಳೋದು ದೊಡ್ಡದೇನಲ್ಲ. ಜೂಜಿನ ಆಟಕ್ಕೆಂದು ಮಾಡಿದ ಆ್ಯಪು ಸಾಲದ ಬಡ್ಡಿ ಮನ್ನಾ ಆಗಲಿ, ಫೋನು ಮಾಡಿ ಬೈಯುವವರ ಮೇಲೆ ಕೇಸು ಬೀಳಲಿ. ಜೂಜಿನಿಂದ ಎತ್ತಿದ ತೆರಿಗೆಯ ಲೆಕ್ಕ ಹೊರಗೆ ಬರಲಿ, ಅದು ಸಾಲಕ್ಕೆ ಬಿದ್ದ ಮನೆಗಳಿಗೆ ಹೋಗಲಿ. ರೇಸ್ ಕೋರ್ಸಿಗೊಂದು, ಹುಣಸೆಮರಕ್ಕೊಂದು ಕಾನೂನು ಬೇಡ. ಗರಡಿಯ ಬೀಗ ತೆಗೆಯಿರಿ, ಬೀಗದ ಕೈ ಪಂಚಾಯ್ತಿಯಲ್ಲಿರಲಿ, ನಮ್ಮ ಹುಡುಗಿಯರೂ ಮಟ್ಟಿಗೆ ಇಳಿಯಲಿ.

ಬರುವ ಭಾನುವಾರ ಹುಣಸೆಮರದಡಿಯಲ್ಲೇ ಸೇರುತ್ತೇವೆ, ಎಲೆ ಆಡೋಕಲ್ಲ, ತಹಸೀಲ್ದಾರರಿಗೆ ಮನವಿ ಬರೆಯೋಕೆ. ಆ ಹುಡುಗ ಬರ್ತಾನೋ ಇಲ್ಲವೋ, ಫೋನು ಸ್ವಿಚ್ ಆಫ್ ಆಗಿ ಮೂರು ವಾರ ಆಯ್ತು. ಅವನವ್ವ ಬರ್ತೀನಿ ಅಂದಿದ್ದಾಳೆ. ಓಲೆ ಅಡ ಇಟ್ಟ ಚೀಟಿ ತರ್ತಾಳಂತೆ.