ನೀರು ಬೆರೆಸಿದರೆ ಉಪ್ಪು ಕಳೆಯದು

ಹೈದರಾಬಾದ್ ಹೊರವಲಯದ ಪಟಾನ್‌ಚೆರುವಿನ ಕಾರ್ಖಾನೆಗಳ ತ್ಯಾಜ್ಯನೀರಿಗೆ ಕಂಡುಕೊಂಡ ದಾರಿ ಇದು: ಸಾಮೂಹಿಕ ಶುದ್ಧೀಕರಣ ಘಟಕ, ಅಲ್ಲಿಂದ ಸುಮಾರು 18 ಕಿಲೋಮೀಟರ್ ಕೊಳವೆ, ನಗರದ ಒಳಚರಂಡಿ, ಅಂಬರ್‌ಪೇಟೆಯ ಘಟಕ, ಕೊನೆಗೆ ಮೂಸಿ ನದಿ. ಚರಂಡಿ ನೀರಿನೊಂದಿಗೆ ಬೆರೆತಾಗ ಲೀಟರಿಗೆ ಇಷ್ಟು ಮಿಲಿಗ್ರಾಂ ಲವಣ ಎಂಬ ಅಂಕಿ ಇಳಿಯುತ್ತದೆ. ಇದನ್ನು ಶುದ್ಧೀಕರಣ ಎನ್ನುವುದು ಲೆಕ್ಕದ ಜಾಣತನ. ಉಪ್ಪು ಹೆಚ್ಚಾದ ಮಜ್ಜಿಗೆಗೆ ನೀರು ಸುರಿದರೆ ರುಚಿ ಸರಿಹೋದೀತು. ಪಾತ್ರೆಯಲ್ಲಿರುವ ಉಪ್ಪು ಅಷ್ಟೇ ಇರುತ್ತದೆ. ಘಟಕದ ಬ್ಯಾಕ್ಟೀರಿಯಾ ಕೊಳೆಯನ್ನು ತಿನ್ನುತ್ತವೆ, ಸೋಡಿಯಂ ಅನ್ನಲ್ಲ.

ಹಾನಿ ಇಷ್ಟಕ್ಕೇ ನಿಲ್ಲುವುದಿಲ್ಲ. ಜೇಡಿಮಣ್ಣಿನ ಕಣಗಳ ಮೈಮೇಲೆ ಋಣ ವಿದ್ಯುದಂಶವಿದೆ. ಹಾಗಾಗಿ ಅವು ಒಂದನ್ನೊಂದು ತಳ್ಳುತ್ತವೆ. ನೀರಿನ ಧನ ಅಯಾನುಗಳು ಮೋಡದಂತೆ ಕವಿದು ಆ ತಳ್ಳಾಟವನ್ನು ತಡೆಯುತ್ತವೆ. ಲೀಟರಿಗೆ ಸುಮಾರು 6 ಗ್ರಾಂ ಅಡುಗೆ ಉಪ್ಪಿದ್ದರೆ ಮೋಡದ ದಪ್ಪ 1 ನ್ಯಾನೊಮೀಟರ್. ಉಪ್ಪು ಅದರ ನೂರರಲ್ಲೊಂದು ಪಾಲಾದರೆ ಸುಮಾರು 10. ಡಿಬೈ ಮತ್ತು ಹ್ಯೂಕೆಲ್ 1923ರಲ್ಲೇ ಕೊಟ್ಟ ಲೆಕ್ಕವಿದು. ಕಾರ್ಖಾನೆಯಿಂದ ಹೊರಬೀಳುವ ಗಾಢ ದ್ರಾವಣದಲ್ಲಿ ಈ ಸೂತ್ರ ಕೈಕೊಡಬಹುದು. ಹೊಲಕ್ಕೆ ಹರಿಯುವ ತೆಳು ನೀರಿಗೆ ಸಾಕು.

ಉಪ್ಪುನೀರಿನಲ್ಲಿ ಕಣಗಳು ಗುಂಪುಗಟ್ಟಿ ತಳಕ್ಕಿಳಿಯುತ್ತವೆ, ನೀರು ತಿಳಿಯಾಗಿ ಕಾಣುತ್ತದೆ. ತಿಳಿಯಾದದ್ದೆಲ್ಲ ಶುದ್ಧವಲ್ಲ. ಅದೇ ನೀರು ಹೊಲಕ್ಕೆ ಹರಿದಾಗ ಜೇಡಿಯ ಮೇಲಿನ ಕ್ಯಾಲ್ಸಿಯಂ ಜಾಗವನ್ನು ಸೋಡಿಯಂ ಹಿಡಿಯುತ್ತದೆ. ಆಮೇಲೆ ಮಳೆ ಬಂದು ಮಣ್ಣಿನ ನೀರು ತೆಳುವಾಯಿತೋ, ಮೋಡ ಹಿಗ್ಗುತ್ತದೆ, ಕಣಗಳು ಬಿಡಿಯಾಗುತ್ತವೆ, ಮಣ್ಣಿನ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ನೀರು ಇಂಗದು, ಬೇರಿಗೆ ಗಾಳಿ ಸಿಗದು. ಉಪ್ಪು ತೆಳುವಾಗುವುದೇ ಇಲ್ಲಿ ಪೆಟ್ಟು.

ಮೂಸಿಯ ಕೆಳಭಾಗದಲ್ಲಿ ಎಮ್ಮೆಗಳ ಮೇವಿನ ಹುಲ್ಲು, ಭತ್ತ ಬೆಳೆಯುವುದು ನಗರದಿಂದ ಬರುವ ಈ ನೀರಿನಲ್ಲೇ. ಕೆಟ್ಟ ಮಣ್ಣನ್ನು ಜಿಪ್ಸಮ್ ಹಾಕಿ ಸರಿಪಡಿಸಬಹುದು. ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಹೊರದಬ್ಬುತ್ತದೆ. ಆದರೆ ಆ ಮೂಟೆಗಳ ದುಡ್ಡು ಯಾರ ಜೇಬಿನದು?

ಗಾಢ ಉಪ್ಪುನೀರನ್ನು ಕಾರ್ಖಾನೆಯಲ್ಲೇ ಬೇರ್ಪಡಿಸಿ ಬತ್ತಿಸುವುದು ದುಬಾರಿ ಎಂಬ ವಾದವಿದೆ. ನಿಜ, ಅದಕ್ಕೆ ಇಂಧನ ಬೇಕು. ಮನೆಗಳ ಚರಂಡಿಯೂ ಉಪ್ಪು ತರುತ್ತದೆ ಎಂಬುದೂ ನಿಜ. ಆದರೆ ಬೆರೆಸಿದ ಮಾತ್ರಕ್ಕೆ ಖರ್ಚು ಮಾಯವಾಗುವುದಿಲ್ಲ. ಬಿಲ್ಲು ಕಾರ್ಖಾನೆಯ ಬಾಗಿಲಿನಿಂದ ರೈತನ ಬದುವಿಗೆ ಹೋಗುತ್ತದೆ, ಅಷ್ಟೇ.

ಆದ್ದರಿಂದ ಲೀಟರಿನ ಅಂಕಿಯೊಂದೇ ಸಾಲದು. ದಿನಕ್ಕೆ ಎಷ್ಟು ಟನ್ ಉಪ್ಪು ನದಿ ಸೇರಿತು, ಕ್ಯಾಲ್ಸಿಯಂ–ಮೆಗ್ನೀಸಿಯಂಗೆ ಹೋಲಿಸಿದರೆ ಅದರಲ್ಲಿ ಸೋಡಿಯಂ ಎಷ್ಟು ಎಂಬುದನ್ನು ಕಾಲುವೆಯ ಬಾಯಲ್ಲೇ ಅಳೆದು ಫಲಕದಲ್ಲಿ ಬರೆಯಬೇಕು. ಮಣ್ಣು ಲೆಕ್ಕವಿಡುವುದು ಹಾಗೆಯೇ.