ಗುಡ್ಡದ ಕೊರಕಲೇ ಸರಕಾದಾಗ

ಶುಕ್ರವಾರ ಕತ್ತಲಾಗುತ್ತಿದ್ದಂತೆ ಕುಮಾರಸ್ವಾಮಿ ಲೇಔಟ್‌ನಿಂದ ಬನಶಂಕರಿಯವರೆಗೆ ರಸ್ತೆ ಬದಿಯಲ್ಲಿ ಅಲ್ಲೊಂದು ಇಲ್ಲೊಂದು ಟೆಂಪೊ ಟ್ರಾವೆಲರ್ ನಿಂತಿರುತ್ತದೆ. ದಯಾನಂದ ಸಾಗರ್ ಕಾಲೇಜಿನ ವಿದ್ಯಾರ್ಥಿಗಳು, ಸುತ್ತಲಿನ ಪಿ.ಜಿ.ಗಳಲ್ಲಿರುವ ಐ.ಟಿ. ಉದ್ಯೋಗಿಗಳು, ಮಕ್ಕಳನ್ನು ಎತ್ತಿಕೊಂಡ ಕುಟುಂಬಗಳು ಬ್ಯಾಗು ಹೊತ್ತು ಹತ್ತುತ್ತಾರೆ. ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಗಿನ ಜಾವಕ್ಕೆ ಮಡಿಕೇರಿಯನ್ನೋ ಚಿಕ್ಕಮಗಳೂರನ್ನೋ ಸಕಲೇಶಪುರವನ್ನೋ ಕೊಲ್ಲೂರನ್ನೋ ತಲುಪುತ್ತಾರೆ. ಇಂತಹ ಪ್ಯಾಕೇಜುಗಳಲ್ಲಿ ಹೋಮ್‌ಸ್ಟೇ, ಊಟ, ಕ್ಯಾಂಪ್‌ಫೈರ್ ಜತೆಗೆ ಈಗ ತಪ್ಪದೆ ಸೇರಿರುವ ಇನ್ನೊಂದು ಬಾಬತ್ತು ‘ಆಫ್‌ರೋಡ್ ಜೀಪ್ ರೈಡ್’.

ಬಾಲಿ ದ್ವೀಪದಲ್ಲಿ ಬಾತೂರ್ ಜ್ವಾಲಾಮುಖಿಯ ಕಪ್ಪು ಲಾವಾ ಬಯಲಿನ ಮೇಲೆ ಜೀಪುಗಳು ಪ್ರವಾಸಿಗರನ್ನು ಸೂರ್ಯೋದಯ ತೋರಿಸಲು ಒಯ್ಯುತ್ತವೆ. ಕೆರೀಬಿಯನ್ ದ್ವೀಪಗಳಲ್ಲಿ ಹಡಗಿನಿಂದಿಳಿದವರಿಗೆ ಅರ್ಧ ದಿನದ ‘ಜೀಪ್ ಸಫಾರಿ’ ಮಾರುತ್ತಾರೆ. ಪಾಸ್‌ಪೋರ್ಟ್ ಇಲ್ಲದೆ, ಒಂದು ವಾರಾಂತ್ಯದಲ್ಲಿ ಅದೇ ಅನುಭವ ಕೊಡುವ ಜಾಗವಾಗಿ ನಮ್ಮ ಮಲೆನಾಡು ಬದಲಾಗಿದೆ. ಅದರಲ್ಲಿ ತಪ್ಪೇನೂ ಇಲ್ಲ. ಬೆಟ್ಟ ನೋಡುವ ಆಸೆ ಸಹಜವಾದದ್ದು, ಆ ಆಸೆಯಿಂದ ಮಲೆನಾಡಿನ ಸಾವಿರಾರು ಮನೆಗಳ ಒಲೆ ಉರಿಯುತ್ತಿದೆ. ನನ್ನ ತಕರಾರು ಇರುವುದು ನಾವು ಏನನ್ನು ಕೊಳ್ಳುತ್ತಿದ್ದೇವೆ ಎಂಬುದರ ಬಗ್ಗೆ. ಬೆಟ್ಟಕ್ಕೆ ಹೋಗಲು ಜೀಪು ಬೇಕಾಗಿದ್ದ ಕಾಲ ಹೋಗಿ, ಜೀಪು ಕುಲುಕಾಡಲೆಂದೇ ಬೆಟ್ಟ ಬೇಕಾಗುವ ಕಾಲ ಬಂದಿದೆ. ದಾರಿಯಲ್ಲಿ ಬಿದ್ದ ಕೊರಕಲೇ ಮಾರಾಟದ ಸರಕಾದರೆ ಅದನ್ನು ಮುಚ್ಚುವ ಆಸಕ್ತಿ ಯಾರಿಗೂ ಉಳಿಯುವುದಿಲ್ಲ. ಈ ಉದ್ಯಮದ ಮೂಲ ತೊಡಕು ಇದೇ. ನಿಷೇಧದ ಆದೇಶವಾಗಲಿ ‘ಸಾಹಸ ಪ್ರವಾಸೋದ್ಯಮ’ದ ಘೋಷಣೆಯಾಗಲಿ ಇದನ್ನು ಮುಟ್ಟುತ್ತಿಲ್ಲ.

ಕೊಡಚಾದ್ರಿಯನ್ನೇ ನೋಡೋಣ. ಹೊಸನಗರ ತಾಲ್ಲೂಕಿನ ಈ ಬೆಟ್ಟದ ಎತ್ತರ 1,343 ಮೀಟರ್. ಸುತ್ತಲಿರುವುದು ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯ. ಕೊಲ್ಲೂರಿನಿಂದಲೂ ನಿಟ್ಟೂರಿನ ಕಡೆಯಿಂದಲೂ ಜೀಪುಗಳು ಹೊರಡುತ್ತವೆ. ಡಾಂಬರು ಮುಗಿದ ಮೇಲೆ ಕಲ್ಲು, ಕೆಮ್ಮಣ್ಣು, ತಿರುವುಗಳ ಏರುದಾರಿ. ಜೀಪು ನಿಂತಲ್ಲಿಂದ ನೆತ್ತಿಯ ಸರ್ವಜ್ಞ ಪೀಠಕ್ಕೆ ಕಾಲ್ನಡಿಗೆ. ಈ ದಾರಿಯಲ್ಲಿ ಜೀಪು ಓಡಿಸುವುದು ಅಪಾರ ಕೌಶಲದ ಕೆಲಸ. ಯಾವ ಕಲ್ಲಿನ ಮೇಲೆ ಚಕ್ರ ಏರಿಸಬೇಕು, ಎಲ್ಲಿ ಫೋರ್‌ವೀಲ್ ಹಾಕಬೇಕು, ಎದುರಿಗೆ ಬರುವ ಜೀಪಿಗೆ ಯಾವ ತಿರುವಿನಲ್ಲಿ ಕಾಯಬೇಕು ಎಂಬ ಲೆಕ್ಕ ಚಾಲಕನ ಮೈಯಲ್ಲೇ ಇರುತ್ತದೆ. ಮಲೆನಾಡಿಗೆ ಜೀಪು ಬಂದದ್ದು ಪ್ರವಾಸಿಗರಿಗಾಗಿ ಅಲ್ಲ. ಕಾಫಿ, ಅಡಿಕೆ, ಏಲಕ್ಕಿ ತೋಟಗಳ ಸಾಮಾನು ಹೊತ್ತದ್ದು, ಹೆರಿಗೆ ನೋವಿನ ಹೆಂಗಸರನ್ನು ಆಸ್ಪತ್ರೆಗೆ ಮುಟ್ಟಿಸಿದ್ದು, ಸೇತುವೆ ಇಲ್ಲದ ಹಳ್ಳ ದಾಟಿಸಿ ರೇಷನ್ ತಂದದ್ದು ಇದೇ ಜೀಪುಗಳು. ಪ್ರವಾಸಿಗರಿಗೆ ಇಂದು ಅರ್ಧ ದಿನದ ರೋಮಾಂಚನವಾಗಿರುವ ವಿದ್ಯೆಯನ್ನು ಅಲ್ಲಿನವರು ಕಲಿತದ್ದು ಬದುಕಿಗಾಗಿ.

ಕೊಡಗಿನ ಮಾಂದಲಪಟ್ಟಿಯ ಕಥೆ ಇನ್ನಷ್ಟು ತೀಕ್ಷ್ಣ. ಪುಷ್ಪಗಿರಿ ವನ್ಯಜೀವಿಧಾಮದ ಅಂಚಿನ ಈ ಹುಲ್ಲುಗಾವಲಿನ ದಿಣ್ಣೆ 2008ರಲ್ಲಿ ತೆರೆಕಂಡ ‘ಗಾಳಿಪಟ’ ಚಿತ್ರದಿಂದ ‘ಮುಗಿಲುಪೇಟೆ’ಯಾಗಿ ಮನೆಮಾತಾಯಿತು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ ಆಯ್ದ ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಪುಷ್ಪಗಿರಿಯೂ ಅದರಲ್ಲಿತ್ತು. 2018ರ ಆಗಸ್ಟ್‌ನಲ್ಲಿ ಇದೇ ಸೀಮೆಯ ಮಕ್ಕಂದೂರು, ಕಾಲೂರು, ಹಟ್ಟಿಹೊಳೆಯ ಗುಡ್ಡಗಳು ಕುಸಿದು ಮನೆ, ತೋಟ, ಜೀವಗಳನ್ನು ನುಂಗಿದವು. ಆ ದುರಂತಕ್ಕೆ ಜೀಪುಗಳನ್ನು ಹೊಣೆ ಮಾಡುವುದು ಅನ್ಯಾಯ. ಅತಿವೃಷ್ಟಿಯ ಜತೆಗೆ, ರಸ್ತೆಗೂ ಕಟ್ಟಡಕ್ಕೂ ಗುಡ್ಡದ ಇಳಿಜಾರು ಕಡಿದದ್ದು ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಆಗ ಹೇಳಿತ್ತು. ಆದರೆ ಆ ಮಣ್ಣು ಎಷ್ಟು ಸಡಿಲ, ನೀರಿಗೆ ದಾರಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2018 ನಮಗೆ ಕಲಿಸಿದೆ. ಅದೇ ಸೀಮೆಯ ದಾರಿಗಳಲ್ಲಿ ನೀರು ಹೇಗೆ ಹರಿಯುತ್ತಿದೆ ಎಂದು ಕೇಳದೆ ಇರುವುದು ಹೇಗೆ?

ಘಟ್ಟದ ಹುಲ್ಲುಗಾವಲಿನ ಮೇಲ್ಮಣ್ಣು ತೆಳು. ಹುಲ್ಲಿನ ಬೇರುಗಳು ಹೆಣೆದುಕೊಂಡು ಅದನ್ನು ಹಿಡಿದಿಟ್ಟಿರುತ್ತವೆ. ಭಾರದ ವಾಹನ ಒಂದೇ ಗಾಲಿಜಾಡಿನಲ್ಲಿ ಮತ್ತೆ ಮತ್ತೆ ಓಡಿದಾಗ ಮಣ್ಣು ಗಟ್ಟಿಯಾಗಿ, ಮಳೆನೀರು ಒಳಗಿಳಿಯುವ ಬದಲು ಜಾಡಿನಲ್ಲೇ ಕೆಳಗೆ ಓಡುತ್ತದೆ. ವರ್ಷಕ್ಕೆ 4,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಇಳಿಜಾರಿನಲ್ಲಿ ಹಾಗೆ ಓಡುವ ನೀರು ಒಂದೇ ಮಳೆಗಾಲದಲ್ಲಿ ಜಾಡನ್ನು ಕಾಲುವೆ ಮಾಡುತ್ತದೆ. ಕಾಲುವೆ ಆಳವಾದರೆ ಜೀಪಿನ ತಳ ತಾಗುತ್ತದೆ. ಚಾಲಕ ಪಕ್ಕದ ಹುಲ್ಲಿನ ಮೇಲೆ ಹೊಸ ಜಾಡು ಮಾಡಿಕೊಳ್ಳುತ್ತಾನೆ, ಮುಂದಿನ ವರ್ಷ ಅದೂ ಕೊರಕಲು. ಹೀಗೆ ಒಂದು ದಾರಿ ಮೂರಾಗಿ, ನಾಲ್ಕಾಗಿ ಕವಲೊಡೆಯುತ್ತದೆ. ಕಿತ್ತುಹೋದ ಹುಲ್ಲಿನ ಜಾಗದಲ್ಲಿ ಬರುವುದು ಹೆಚ್ಚಾಗಿ ಕಳೆ. ಇಳಿಜಾರಿನ ಕೆಳಗೆ ತೋಟವಿರುವ ರೈತನ ಕೆರೆಗೆ, ಹಳ್ಳಕ್ಕೆ ಬಂದು ಸೇರುವುದು ಮೇಲಿನ ಆ ಮಣ್ಣೇ. ಕಾಳಿ, ಶರಾವತಿ, ಕಾವೇರಿ, ತುಂಗಭದ್ರೆಯರ ಮೊದಲ ತೊರೆಗಳು ಹುಟ್ಟುವುದು ಘಟ್ಟದ ಇಂತಹ ಕಾಡು–ಹುಲ್ಲುಗಾವಲುಗಳಲ್ಲಿ. ಬನಶಂಕರಿಯ ನಲ್ಲಿಯಲ್ಲಿ ಬರುವ ಕಾವೇರಿ ನೀರು ಕುಡಿಯುವ ನಮಗೆ ಇದು ಯಾರದೋ ಊರಿನ ಸಂಗತಿ ಆಗಲಾರದು.

ಹಾಗಾದರೆ ದಾರಿಗೆ ಡಾಂಬರು ಹಾಕಿಬಿಡಬಹುದಲ್ಲ? ಹಾಕಿದ ಮರುದಿನವೇ ಬೆಂಗಳೂರಿನ ಕಾರುಗಳು ನೇರ ತುದಿಗೇ ಹೋಗಿ ನಿಲ್ಲುತ್ತವೆ. ಜೀಪಿನವರ ಅನ್ನ ಹೋಗುತ್ತದೆ, ತುದಿಯಲ್ಲಿ ಜನಜಂಗುಳಿ ಹತ್ತುಪಟ್ಟಾಗುತ್ತದೆ. 1,930 ಮೀಟರ್ ಎತ್ತರದ, ರಾಜ್ಯದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯಲ್ಲಿ ಆದದ್ದು ಇದೇ. ಕಿರಿದಾದ ಗಿರಿ ರಸ್ತೆಯಲ್ಲಿ ರಜಾದಿನಗಳಲ್ಲಿ ಕಾರುಗಳು ಗಂಟೆಗಟ್ಟಲೆ ಸಿಕ್ಕಿಹಾಕಿಕೊಂಡವು. 2022ರಲ್ಲಿ, ಈ ಶಿಖರವಿರುವ ಚಂದ್ರದ್ರೋಣ ಶ್ರೇಣಿಯಲ್ಲಿ ಕುರಿಂಜಿ ಹೂ ಅರಳಿದಾಗಲೂ ಅಲ್ಲಿಗೆ ಜನ ಮುಗಿಬಿದ್ದರು. ಕೊನೆಗೆ 2025ರಲ್ಲಿ ಚಿಕ್ಕಮಗಳೂರು ಜಿಲ್ಲಾಡಳಿತ ಗಿರಿಭಾಗಕ್ಕೆ ಆನ್‌ಲೈನ್ ನೋಂದಣಿ ಕಡ್ಡಾಯ ಮಾಡಿ, ಬೆಳಗಿಗಿಷ್ಟು ಮಧ್ಯಾಹ್ನಕ್ಕಿಷ್ಟು ಎಂದು ವಾಹನಗಳಿಗೆ ಮಿತಿ ಹಾಕಬೇಕಾಯಿತು. ಕೆಟ್ಟ ದಾರಿ ಒಂದು ರೀತಿಯಲ್ಲಿ ಬೆಟ್ಟಕ್ಕೆ ಕಾವಲು. ಆ ಕಾವಲನ್ನು ತೆಗೆಯದೆ ಮಣ್ಣನ್ನು ಹೇಗೆ ಉಳಿಸುವುದು ಎಂಬುದೇ ನಮ್ಮ ಮುಂದಿರುವ ಕೆಲಸ.

ಕಾನೂನಿನ ಮಟ್ಟದಲ್ಲೂ ಈ ಉದ್ಯಮ ಮಬ್ಬಿನಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಪರ್ಮಿಟ್ ಇಲ್ಲದೆ ವಾಹನವನ್ನು ಬಾಡಿಗೆಗೆ ಓಡಿಸುವಂತಿಲ್ಲ. ಆದರೂ ಬೆಟ್ಟದ ದಾರಿಗಳಲ್ಲಿ ಖಾಸಗಿ ನೋಂದಣಿಯ ವೈಟ್ ಬೋರ್ಡ್ ವಾಹನಗಳು ಜನರನ್ನು ತುಂಬಿಕೊಂಡು ಏರುವುದು ಗುಟ್ಟೇನಲ್ಲ. ಅಪಘಾತವಾದ ದಿನ ವಿಮಾ ಕಂಪನಿ ಮೊದಲು ಕೇಳುವುದು ಪರ್ಮಿಟ್ ಬಗ್ಗೆಯೇ. ಗಾಯಗೊಂಡ ಹುಡುಗನ ತಂದೆತಾಯಿ ವರ್ಷಗಟ್ಟಲೆ ನ್ಯಾಯಮಂಡಳಿಗೆ ಅಲೆಯಬೇಕಾಗುತ್ತದೆ, ಚಾಲಕ ಇದ್ದೊಂದು ಜೀಪು ಮಾರಿಕೊಳ್ಳಬೇಕಾಗುತ್ತದೆ. ಪ್ಯಾಕೇಜು ಮಾರಿದ ಬೆಂಗಳೂರಿನ ಏಜೆಂಟ್ ಮಾತ್ರ ಎಲ್ಲಿಯೂ ಕಾಣುವುದಿಲ್ಲ. ಹಣ ಪಡೆದವನಿಗೂ ಹೊಣೆ ಇರಬೇಕು: ಜೀಪಿನ ನೋಂದಣಿ ಸಂಖ್ಯೆ, ಎಫ್.ಸಿ., ವಿಮೆ, ಚಾಲಕನ ಬ್ಯಾಡ್ಜ್ ವಿವರಗಳಿಲ್ಲದೆ ಯಾವ ಏಜೆಂಟೂ ರೈಡ್ ಮಾರಬಾರದು. ಕಾಲೇಜುಗಳೂ ವಿದ್ಯಾರ್ಥಿಗಳನ್ನು ಕಳಿಸುವ ಮುನ್ನ ಈ ಕಾಗದ ಕೇಳಬೇಕು. ಜೀಪ್ ಸಫಾರಿಗಳ ಸುರಕ್ಷತೆ ಹೇಗಿರಬೇಕೆಂಬ ರಾಷ್ಟ್ರೀಯ ಮಾರ್ಗಸೂಚಿ 2018ರಿಂದಲೇ ಇದೆ. ಅದು ಸಲಹೆಯಾಗಿಯೇ ಉಳಿದಿದೆ.

ಏನಾದರೂ ಆದಾಗ ಆಡಳಿತಕ್ಕೆ ಮೊದಲು ಹೊಳೆಯುವುದು ನಿಷೇಧ. ಅಪಘಾತಗಳ ಬೆನ್ನಲ್ಲೇ 2025ರ ಜುಲೈನಲ್ಲಿ ಕೇರಳದ ಇಡುಕ್ಕಿ ಜಿಲ್ಲಾಡಳಿತ ಜೀಪ್ ಸಫಾರಿಗಳನ್ನು ನಿಲ್ಲಿಸಿತು. ನಮ್ಮಲ್ಲಿ ಅದೇ ವರ್ಷದ ನವೆಂಬರ್‌ನಲ್ಲಿ ಹುಲಿ ದಾಳಿಗೆ ಜನ ಬಲಿಯಾದಾಗ ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ಬಂದ್ ಆಯಿತು. ಸತ್ತವರ ಮನೆಯವರ ಸಿಟ್ಟು ನ್ಯಾಯವಾದದ್ದೇ. ಆದರೆ ಇಂತಹ ಆದೇಶಗಳ ಭಾರ ಬೀಳುವುದು ದಿನಗೂಲಿಯ ಚಾಲಕರ ಮೇಲೆ. ಮಳೆಗಾಲದಲ್ಲಿ ಜೀಪು ನಿಲ್ಲಿಸುವುದು ಮಣ್ಣಿಗೂ ಪ್ರಾಣಕ್ಕೂ ಅಗತ್ಯ, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದು ಮುಂಚೆಯೇ ಗೊತ್ತಿರುವ ರಜೆಯಾಗಿರಬೇಕು. ಮಳೆ ಬಿರುಸಾದ ಮೇಲೆ ಹಠಾತ್ತನೆ ಬರುವ ಆದೇಶವಾದರೆ ಸಾಲದ ಕಂತು ಕಟ್ಟುವ ಚಾಲಕ ಕದ್ದು ಓಡಿಸುತ್ತಾನೆ.

ಜನರ ಸಂಖ್ಯೆಗೆ ಮಿತಿ ಹಾಕುವುದು ಅಸಾಧ್ಯವೇನಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ಚೆಕ್‌ಪೋಸ್ಟ್ ಎದುರು ಚಾರಣಿಗರ ಜಾತ್ರೆ ಸೇರಿದ ವಿಡಿಯೊ ಹರಿದಾಡಿದ ಮೇಲೆ ಅರಣ್ಯ ಇಲಾಖೆ ಎಚ್ಚೆತ್ತಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಚಾರಣದ ಟಿಕೆಟ್ ಕಾಯ್ದಿರಿಸುವ ‘ಅರಣ್ಯ ವಿಹಾರ’ ಜಾಲತಾಣ ಬಂತು. ಒಂದು ಚಾರಣ ಪಥಕ್ಕೆ ದಿನಕ್ಕೆ 300 ಜನ ಎಂಬ ಮಿತಿಯೂ ಬಂತು. ನಡೆದು ಹೋಗುವವನಿಗೆ ಲೆಕ್ಕ ಇಟ್ಟ ಇಲಾಖೆ ಜೀಪಿನಲ್ಲಿ ಹೋಗುವವನಿಗೂ ಅಷ್ಟೇ ಕಟ್ಟುನಿಟ್ಟಾದ ಲೆಕ್ಕ ಇಡಬೇಡವೇ? ಒಂದು ಜೀಪು ನೆಲಕ್ಕೆ ಮಾಡುವ ಗಾಯ ಅದರೊಳಗಿನ ಎಂಟು ಜನ ನಡೆದು ಮಾಡುವುದಕ್ಕಿಂತ ಬಹಳ ದೊಡ್ಡದು. ಕೊಡಚಾದ್ರಿಗೆ, ಮಾಂದಲಪಟ್ಟಿಗೆ ದಿನಕ್ಕೆ ಎಷ್ಟು ಟ್ರಿಪ್ ಎಂದು ದಾರಿಯ ಸ್ಥಿತಿ ನೋಡಿ ತೀರ್ಮಾನಿಸಿ, ಟಿಕೆಟನ್ನು ಅದೇ ಜಾಲತಾಣದಲ್ಲಿ ಮಾರಲಿ. ಶನಿವಾರ, ಭಾನುವಾರದ ದರ ಹೆಚ್ಚಿರಲಿ, ಮಂಗಳವಾರದ್ದು ಕಡಿಮೆ ಇರಲಿ.

ಹೊರಗಿನ ಅನುಭವವೂ ಇದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಕ್‌ಗಾರಿ ಜಗತ್ತಿನ ಅತಿದೊಡ್ಡ ಮರಳು ದ್ವೀಪ. ಅಲ್ಲಿ ಡಾಂಬರು ರಸ್ತೆಗಳಿಲ್ಲ, ಫೋರ್‌ವೀಲ್ ವಾಹನಕ್ಕೆ ಪರ್ಮಿಟ್ ಕಡ್ಡಾಯ, ಗುರುತು ಮಾಡಿದ ಜಾಡು ಬಿಟ್ಟು ಇಳಿಯುವಂತಿಲ್ಲ. ಅರುಬಾ ದ್ವೀಪ ತನ್ನ ಅರಿಕೊಕ್ ರಾಷ್ಟ್ರೀಯ ಉದ್ಯಾನದೊಳಕ್ಕೆ ಎ.ಟಿ.ವಿ., ಯು.ಟಿ.ವಿ. ಎಂಬ ಆಫ್‌ರೋಡ್ ವಾಹನಗಳನ್ನೇ ಬಿಡುವುದಿಲ್ಲ. ಪ್ರವಾಸೋದ್ಯಮವನ್ನೇ ನಂಬಿ ಬದುಕುವ ದ್ವೀಪ ಹಾಗೆ ಮಾಡಿರುವುದನ್ನು ಗಮನಿಸಬೇಕು. ನಮ್ಮದೇ ಉದಾಹರಣೆ ಬೇಕೆಂದರೆ ರಾಜ್ಯ ಸರ್ಕಾರ 1980ರಲ್ಲಿ ಆರಂಭಿಸಿದ ಜಂಗಲ್ ಲಾಡ್ಜಸ್ ಸಂಸ್ಥೆ ಇದೆ. ಅದರ ಕಬಿನಿಯ ಸಫಾರಿಯಲ್ಲಿ ಜೀಪು ಎಷ್ಟು ಕುಲುಕಿತು ಎಂದು ಯಾರೂ ಕೇಳುವುದಿಲ್ಲ. ಜತೆಗಿರುವ ನ್ಯಾಚುರಲಿಸ್ಟ್ ಏನು ತೋರಿಸಿದರು ಎಂದು ಕೇಳುತ್ತಾರೆ.

ಬೆಟ್ಟದ ಜೀಪು ಚಾಲಕನೂ ಅಂತಹ ಮಾರ್ಗದರ್ಶಿ ಆಗಬಲ್ಲ. ಕೊಡಚಾದ್ರಿಯ ಮೇಲೆ ಮೂಲ ಮೂಕಾಂಬಿಕಾ ದೇಗುಲದ ಬಳಿ ಹಳೆಯ ಕಬ್ಬಿಣದ ಕಂಬವೊಂದಿದೆ. ಮಳೆ, ಮಂಜಿನಲ್ಲಿ ಅಷ್ಟು ಕಾಲ ನಿಂತ ಆ ಕಂಬದ ಬಗ್ಗೆ, ಈ ಬೆಟ್ಟದ ಕಬ್ಬಿಣದ ಅದಿರಿನ ಬಗ್ಗೆ, ಕಣಿವೆಗಳಲ್ಲಿ ಶೋಲಾ ಕಾಡೂ ನೆತ್ತಿಯಲ್ಲಿ ಹುಲ್ಲೂ ಏಕೆ ಎಂಬುದರ ಬಗ್ಗೆ, ದೂರದಲ್ಲಿ ಹೊಳೆಯುವ ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಬಗ್ಗೆ ಹೇಳಲು ಅಲ್ಲಿಯವರಿಗಿಂತ ಯೋಗ್ಯರು ಯಾರಿದ್ದಾರೆ? ಆದರೆ ಈಗ ಹಿಂದಿನ ಸೀಟಿನಿಂದ ‘ಅಣ್ಣಾ, ಇನ್ನೂ ಸ್ವಲ್ಪ ಜೋರಾಗಿ ಹೋಗಿ’ ಎಂಬ ಕೂಗು ಬರುತ್ತದೆ, ಜೋರಾಗಿ ಹೋದವನಿಗೆ ಭಕ್ಷೀಸು ಸಿಗುತ್ತದೆ. ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುವವನು ಬೇಗ ಇಳಿದು ಮತ್ತೊಂದು ಟ್ರಿಪ್ ಹತ್ತಬೇಕೆಂದು ಹಾತೊರೆಯುತ್ತಾನೆ. ಸರದಿಯ ಪ್ರಕಾರ ಟ್ರಿಪ್ ಹಂಚಿ, ಮಾರ್ಗದರ್ಶಿಯ ತರಬೇತಿ ಪಡೆದವನಿಗೆ ಹೆಚ್ಚಿನ ದರ ಗೊತ್ತು ಮಾಡಿದರೆ ಅವಸರ ತಾನಾಗಿ ಇಳಿಯುತ್ತದೆ.

ನಗರದವರಿಗೆ ಈ ವಿವೇಕ ಇಲ್ಲವೆಂದು ನಾನು ನಂಬುವುದಿಲ್ಲ. ಕನಕಪುರ ರಸ್ತೆಯ ಸಮೀಪದ ತುರಹಳ್ಳಿ ಕಾಡಿನಲ್ಲಿ ಟ್ರೀ ಪಾರ್ಕ್ ಮಾಡಲು ಹೊರಟಾಗ, 2021ರಲ್ಲಿ, ಇದೇ ದಕ್ಷಿಣ ಬೆಂಗಳೂರಿನ ಜನ ಬೀದಿಗಿಳಿದು ಕಾಡು ಕಾಡಾಗಿಯೇ ಇರಲಿ ಎಂದು ಪಟ್ಟು ಹಿಡಿದಿದ್ದರು. ಮನೆಯ ಹತ್ತಿರದ ಕಾಡಿಗೆ ತೋರಿದ ಆ ಕಾಳಜಿಗೆ ಮುನ್ನೂರು ಕಿಲೋಮೀಟರ್ ಆಚೆಯ ಹುಲ್ಲುಗಾವಲೂ ಹಕ್ಕುದಾರ.

ದಾರಿಯ ವಿಷಯಕ್ಕೆ ಮರಳುವುದಾದರೆ, ಡಾಂಬರು ಮತ್ತು ಕೊರಕಲಿನ ನಡುವೆ ಮೂರನೆಯದೊಂದು ಇದೆ. ಕಡಿದಾದ ಕಡೆಗಳಲ್ಲಿ ಎರಡು ಗಾಲಿಗಳ ಅಗಲಕ್ಕೆ ಮಾತ್ರ ಕಲ್ಲು ಹಾಸುವುದು, ನೀರು ಜಾಡಿನಲ್ಲಿ ಓಡದಂತೆ ಅಲ್ಲಲ್ಲಿ ಅಡ್ಡ ಚರಂಡಿ ತೆಗೆದು ಪಕ್ಕಕ್ಕೆ ಹರಿಸುವುದು, ಕವಲು ಜಾಡುಗಳನ್ನು ಕಲ್ಲಿಟ್ಟು ಮುಚ್ಚಿ ಹುಲ್ಲಿಗೆ ಬಿಟ್ಟುಕೊಡುವುದು. ಎಸ್ಟೇಟ್ ರಸ್ತೆಗಳನ್ನು ನೋಡಿಕೊಂಡ ಮಲೆನಾಡಿನ ಹಳಬರಿಗೆ ಈ ಕೆಲಸ ಗೊತ್ತಿರುವುದೇ. ಇದರಿಂದ ಕಾರು ಹತ್ತುವುದಿಲ್ಲ, ಜೀಪು ಹತ್ತುತ್ತದೆ, ಮಣ್ಣು ಉಳಿಯುತ್ತದೆ. ಅರಣ್ಯದ ಗೇಟಿನಲ್ಲಿ ವಸೂಲಾಗುವ ಶುಲ್ಕದ ಒಂದು ಪಾಲನ್ನು ಆಯಾ ದಾರಿಗೇ ಮೀಸಲಿಟ್ಟು, ಏಪ್ರಿಲ್–ಮೇ ತಿಂಗಳಲ್ಲಿ ಜೀಪು ಚಾಲಕರ ಸಂಘಗಳಿಗೇ ಕೂಲಿ ಕೊಟ್ಟು ಈ ದುರಸ್ತಿ ಮಾಡಿಸಬಹುದು. ಜೂನ್‌ನಿಂದ ಗಾಡಿ ನಿಲ್ಲಿಸುವವರ ಕೈಗೆ ಮಳೆಗಾಲ ಕಳೆಯುವಷ್ಟು ಹಣ ಅದರಿಂದಲೇ ಸಿಗುತ್ತದೆ.

ಕೊಲ್ಲೂರಿನಿಂದ ಕೊಡಚಾದ್ರಿಗೆ ರೋಪ್‌ವೇ ಹಾಕುವ ಪ್ರಸ್ತಾವ ಕೇಂದ್ರದ ‘ಪರ್ವತಮಾಲಾ’ ಯೋಜನೆಯಡಿ ಬಂದು ಚರ್ಚೆಯಲ್ಲಿದೆ. ಜೀಪು ದಾರಿ ಹದಗೆಟ್ಟಿದೆ ಎಂಬ ಮಾತನ್ನೇ ಅದರ ಪರವಾಗಿ ನಾಳೆ ಮುಂದಿಡಬಹುದು. ಅಭಯಾರಣ್ಯದ ನೆತ್ತಿಗೆ ಗಂಟೆಗೆ ನೂರಾರು ಜನರನ್ನು ಸುರಿಯಬಲ್ಲ ಯಂತ್ರಕ್ಕಿಂತ ಮಿತಿಯಲ್ಲಿ ಓಡುವ ಜೀಪುಗಳೇ ಆ ಬೆಟ್ಟಕ್ಕೆ ಹಗುರ. ನಿಟ್ಟೂರು, ಸಂಪೆಕಟ್ಟೆ, ಕೊಲ್ಲೂರಿನ ಚಾಲಕರನ್ನೂ ಗ್ರಾಮ ಪಂಚಾಯಿತಿಗಳನ್ನೂ ಕೂರಿಸಿಕೊಂಡು ಅರಣ್ಯ, ಸಾರಿಗೆ, ಪ್ರವಾಸೋದ್ಯಮ ಇಲಾಖೆಗಳು ಟ್ರಿಪ್ಪಿನ ಮಿತಿ, ಪರ್ಮಿಟ್ ಮತ್ತು ದುರಸ್ತಿಯ ನಿಯಮಗಳನ್ನು ಬರೆಯಬೇಕಾದದ್ದು ರೋಪ್‌ವೇಯ ಮೊದಲ ಕಂಬಕ್ಕೆ ಗುಂಡಿ ತೋಡುವ ಮೊದಲು.