ವಾರಕ್ಕೊಂದು ತಾಸಿನ ಆಟ

ಜಮೈಕಾದ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ, ಬೆಳವಣಿಗೆ ಕುಂಠಿತವಾಗಿದ್ದ 129 ಪುಟ್ಟ ಮಕ್ಕಳನ್ನು ಒಳಗೊಂಡ ಅಧ್ಯಯನವೊಂದು 1986-87ರಲ್ಲಿ ಆರಂಭವಾಯಿತು. ಕೆಲವರಿಗೆ ಎರಡು ವರ್ಷ ಹಾಲು ಆಧಾರಿತ ಪೂರಕ ಆಹಾರ ಸಿಕ್ಕಿತು. ಇನ್ನು ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಹೋಗಿ, ಸುಮಾರು ಒಂದು ತಾಸು ಕುಳಿತು, ಮಗುವಿನೊಡನೆ ಹೇಗೆ ಮಾತಾಡಬೇಕು, ಹೇಗೆ ಆಡಿಸಬೇಕು ಎಂದು ತಾಯಿಗೆ ತೋರಿಸಿಕೊಟ್ಟರು. ಆಟಿಕೆಗಳೂ ಮನೆಯಲ್ಲೇ ಮಾಡಬಹುದಾದಂಥವು.

ಇಪ್ಪತ್ತು ವರ್ಷಗಳ ನಂತರ ಅದೇ ಮಕ್ಕಳನ್ನು ಹುಡುಕಿ ನೋಡಿದಾಗ, ಆಟ-ಮಾತಿನ ಆರೈಕೆ ಪಡೆದವರ ಗಳಿಕೆ ಪಡೆಯದವರಿಗಿಂತ ಸುಮಾರು ಶೇ 25ರಷ್ಟು ಹೆಚ್ಚಿತ್ತು. ಖಿನ್ನತೆ ಕಡಿಮೆ, ಹೊಡೆದಾಟವೂ ಕಡಿಮೆ. ಬರೀ ಪೂರಕ ಆಹಾರ ಪಡೆದವರಲ್ಲಿ ಇಂಥ ದೀರ್ಘಕಾಲದ ಲಾಭ ಕಾಣಲಿಲ್ಲ. ಊಟ ಬೇಡವೆಂದಲ್ಲ, ಹಸಿದ ಮಗುವಿಗೆ ಅನ್ನವೇ ಮೊದಲು. ಆದರೆ ಅಷ್ಟಕ್ಕೇ ನಿಲ್ಲುವುದು ಮಗುವಿಗೆ ಮಾಡುವ ಅನ್ಯಾಯ.

ನಮ್ಮ ಅಂಗನವಾಡಿಗಳಲ್ಲಿ ಹಾಲು, ಮೊಟ್ಟೆಯ ಲೆಕ್ಕ ಇಡುತ್ತೇವೆ. ಮಗುವಿನೊಡನೆ ಆಡಿದ ಹೊತ್ತಿನ ಲೆಕ್ಕ ಯಾರೂ ಕೇಳುವುದಿಲ್ಲ. ಮತದಾರರ ಪಟ್ಟಿ, ಸಮೀಕ್ಷೆ ಎಂದು ಕಾರ್ಯಕರ್ತೆಯರನ್ನು ಅಲೆದಾಡಿಸುವುದನ್ನು ಸರ್ಕಾರ ಮೊದಲು ನಿಲ್ಲಿಸಲಿ. ಮೂರು ವರ್ಷದೊಳಗಿನ ಮಕ್ಕಳ ಮನೆಗೆ ಅವರು ವಾರವಾರ ಹೋಗುವಂತಾಗಲಿ. ಅದಕ್ಕೆ ತಕ್ಕ ತರಬೇತಿ, ಗೌರವಧನ ಎರಡನ್ನೂ ಮುಂದಿನ ಬಜೆಟ್‌ನಲ್ಲೇ ಕೊಡಲಿ.